ಮುದಕಪ್ಪ ಹೇಳಿಸಿದ ಒಂದು ಮಾತು

ಓ ಜ್ಯೂಸ್ ಅಂಗಡಿ ಮುಂದೆ ನಿಂತವರೇ, ಓ ಆಚೆ ಬದಿಯಲ್ಲಿ ಬಸ್ಸಿಗೆ ಕಾಯುತ್ತಿರುವ ಅಕ್ಕಂದಿರೇ, ಕೇಳಿಸುತ್ತಿದೆಯಾ? ಗಾಡಿ ಜೋರಾಗಿ ಬರುತ್ತಿವೆ, ರಸ್ತೆ ದಾಟಬೇಡಿ, ಅಲ್ಲಿಂದಲೇ ಕೇಳಿ. ಇದು ಕುವೈತಿನ ಬ್ನೇದ್ ಅಲ್ ಗಾರ್‌ನ ಸೌಂದರ್ಯಾಳ ಸುದ್ದಿ. ಯಾವ ಸೌಂದರ್ಯಾ ಎಂದರೆ, ಲಿಫ್ಟ್ ಫೋರ್‌ಮನ್ ಮುದಕಪ್ಪನ ಮಗಳು. ಎರಡು ಸಾವಿರದ ಹನ್ನೆರಡನೇ ಇಸವಿ, ಡಿಸೆಂಬರಿನ ಒಂದು ಗುರುವಾರ.

ಸೌಂದರ್ಯಾ ಹುಟ್ಟಿದ್ದು ಬಾಗಲಕೋಟೆಯಲ್ಲಿ, ಕೊಲ್ಲಿ ಯುದ್ಧದ ವರ್ಷ. ಕುವೈತಿನಿಂದ ಉಟ್ಟ ಬಟ್ಟೆಯಲ್ಲಿ ಓಡಿಬಂದಿದ್ದ ಮುದಕಪ್ಪ ಕೂಸಿನ ಮುಖ ನೋಡಿಕೊಂಡು, ಎಲ್ಲ ತಣ್ಣಗಾದ ಮೇಲೆ ಮತ್ತೆ ಅದೇ ಕಂಪನಿಗೆ ಮರಳಿದ. ಕಂಪನಿಯ ವರ್ಕ್‌ಶಾಪು ಶುವೈಖ್‌ನಲ್ಲಿ. ಕೆಲಸ ಮಾತ್ರ ಊರ ತುಂಬ, ಲಿಫ್ಟು ಎಲ್ಲೆಲ್ಲಿ ಕೆಟ್ಟು ನಿಂತಿದೆಯೋ ಅಲ್ಲೆಲ್ಲ. ಸ್ವಲ್ಪ ದಿನಕ್ಕೆ ಹೆಂಡತಿ ನೀಲಕ್ಕನಿಗೆ ವೀಸಾ ಆಯಿತು, ಅವಳ ಕಂಕುಳಲ್ಲಿ ಸೌಂದರ್ಯಾಳೂ ಬಂದಿಳಿದಳು. ಇಲ್ಲಿನ ಇಂಡಿಯನ್ ಸ್ಕೂಲಿನಲ್ಲಿ ಓದಿದಳು, ಮುಂದೆ ಹೈದರಾಬಾದಿನ ಕಾನೂನು ಕಾಲೇಜು ಸೇರಿದಳು. ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಉಳಿಯಬೇಕಲ್ಲ, ಆರು ತಿಂಗಳೊಳಗೆ ಒಮ್ಮೆ ಬಂದು ಮುಖ ತೋರಿಸಬೇಕು. ಹಾಗಾಗಿ ರಜೆ ಸಿಕ್ಕಿತೆಂದರೆ ವಿಮಾನ ಹತ್ತುತ್ತಿದ್ದಳು. ಆ ಡಿಸೆಂಬರಿನಲ್ಲಿ ಅವಳದು ನಾಲ್ಕನೇ ವರ್ಷ.

ಅವಳಿಗೆ ಬೇಕಾಗಿದ್ದ ವಕೀಲಿಕೆಯೇ ಬೇರೆ. ಕರಿ ಕೋಟು ಹಾಕಿ ಕೋರ್ಟಿನಲ್ಲಿ ಕೈ ಬೀಸುವುದರಲ್ಲಿ ಅವಳಿಗೆ ಮನಸ್ಸಿರಲಿಲ್ಲ. ಒಂದು ಕಂಪನಿ ಇನ್ನೊಂದನ್ನು ಕೊಳ್ಳುವಾಗ, ಬ್ಯಾಂಕು ದೊಡ್ಡ ಸಾಲ ಕೊಡುವಾಗ, ನಡುವೆ ಕೂತು ಕರಾರು ಬರೆಯುತ್ತಾರಲ್ಲ, ಆ ಕೆಲಸ ಬೇಕಿತ್ತು. ಅದೂ ಲಂಡನ್ನಿನ ಫರ್ಮಿನಲ್ಲಿ. ಅಲ್ಲಿಗೆ ಹೋಗುವ ದಾರಿ ಹೀಗೆ. ಬೇಸಿಗೆಯಲ್ಲಿ ಕೆಲವು ವಾರ ಆಫೀಸಿನಲ್ಲಿ ಕೂರಿಸಿಕೊಂಡು, ಸಣ್ಣಪುಟ್ಟ ಕೆಲಸ ಕೊಟ್ಟು, ಮಾತಾಡಿಸಿ ನೋಡುತ್ತಾರೆ. ಅದಕ್ಕೆ ವೆಕೇಷನ್ ಸ್ಕೀಮ್ ಎನ್ನುತ್ತಾರೆ. ಹುಡುಗಿ ಹಿಡಿಸಿದರೆ ಎರಡು ವರ್ಷದ ಟ್ರೇನಿಂಗ್ ಕಾಂಟ್ರಾಕ್ಟ್ ಕೊಡುತ್ತಾರೆ. ಅದು ಮುಗಿದರೆ ಸಾಲಿಸಿಟರ್. ವೆಕೇಷನ್ ಸ್ಕೀಮಿಗೆ ಸೇರಿಸಿಕೊಳ್ಳುವುದಕ್ಕೆ ಮೊದಲೇ ಅರ್ಜಿ, ಪರೀಕ್ಷೆ, ಇಂಟರ್‌ವ್ಯೂ ಎಲ್ಲ ಇರುತ್ತವೆ. ಸೌಂದರ್ಯಾ ಎಷ್ಟೋ ಫರ್ಮುಗಳಿಗೆ ಅರ್ಜಿ ಹಾಕಿದ್ದಳು. ಎಲ್ಲರೂ ಒಬ್ಬನೇ ಗುಮಾಸ್ತ ಬರೆದಂತಹ ಇಮೇಲು ಕಳಿಸಿ, ನಿಮಗೆ ಒಳ್ಳೆಯದಾಗಲಿ ಎಂದು ಕೈ ತೊಳೆದುಕೊಂಡಿದ್ದರು. ಒಂದೇ ಒಂದು ಫರ್ಮು ಸ್ಕೈಪಿನಲ್ಲಿ ಮಾತಾಡೋಣ ಎಂದಿತ್ತು. ಅದು ತಪ್ಪಿದರೆ ಆ ವರ್ಷಕ್ಕೆ ಬೇರೆ ಯಾವುದೂ ಉಳಿದಿರಲಿಲ್ಲ.

ಗುರುವಾರ ಮಧ್ಯಾಹ್ನ ಇಂಟರ್‌ವ್ಯೂ. ನೀಲಕ್ಕ ಕುಕ್ಕರಿನ ಸೀಟಿ ಕೂಗದ ಹಾಗೆ ಅಡುಗೆಯನ್ನು ಬೆಳಿಗ್ಗೆಯೇ ಮುಗಿಸಿ, ಫೋನಿನ ವೈರು ಕಿತ್ತು, ಪಕ್ಕದ ಮನೆಯ ಡೊರೊತಿಗೆ ಎರಡು ತಾಸು ಬೆಲ್ ಒತ್ತಬೇಡ ಎಂದು ಹೇಳಿ ಬಂದು, ಮಲಗುವ ಕೋಣೆಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದಳು.

ತೆರೆಯ ಮೇಲೆ ಒಬ್ಬ ಗಂಡಸು, ಒಬ್ಬ ಹೆಂಗಸು. ಗಂಡಸು ಒಂದು ಲೆಕ್ಕ ಒಡ್ಡಿದ. ನಮ್ಮ ಗಿರಾಕಿ ಗಲ್ಫಿನಲ್ಲಿ ಒಂದು ಬೇಕರಿ ಕಂಪನಿ ಕೊಳ್ಳಬೇಕೆಂದಿದ್ದಾನೆ, ನೀನು ಮೊದಲು ಏನು ನೋಡುತ್ತೀ? ಸೌಂದರ್ಯಾಳಿಗೆ ಪುಸ್ತಕದ ಉತ್ತರವೂ ಗೊತ್ತಿತ್ತು. ಆದರೆ ಬಾಯಿಗೆ ಬಂದದ್ದು ಇಲ್ಲಿ ಬೆಳೆದ ಮಕ್ಕಳಿಗೆಲ್ಲ ಗೊತ್ತಿರುವ ಮಾತು. ಲೈಸೆನ್ಸ್ ಯಾರ ಹೆಸರಿನಲ್ಲಿದೆ ನೋಡುತ್ತೇನೆ ಎಂದಳು. ಅಂಗಡಿ ನಡೆಸುವವನು ಒಬ್ಬ, ಕಾಗದದ ಮೇಲಿರುವವನು ಇನ್ನೊಬ್ಬ ಇರಬಹುದು, ಕೆಲಸಗಾರರ ಇಕಾಮಾ ಮೂರನೆಯವನ ಹೆಸರಿನಲ್ಲಿರಬಹುದು, ಹಾಗಿದ್ದರೆ ಗಿರಾಕಿಗೆ ಸಿಗುವುದು ಬರೀ ಒಲೆ ಎಂದಳು. ಹೆಂಗಸು ನಕ್ಕಳು. ಮಾತು ಅಲ್ಲಿಂದ ಮುಂದೆ ಓಡಿತು.

ಕೊನೆಯಲ್ಲಿ ಆ ಹೆಂಗಸು ಕಾಗದ ನೋಡಿಕೊಂಡು, ಅಬ್ದುಲ್ ಲತೀಫ್ ಅಲ್ ನುವೈರ್ ಎಂಬವರು ನಿಮಗಾಗಲೀ ನಿಮ್ಮ ಮನೆಯವರಿಗಾಗಲೀ ಪರಿಚಯವೇ ಎಂದು ಕೇಳಿದಳು. ಸೌಂದರ್ಯಾ ಆ ಹೆಸರು ಕೇಳಿಯೇ ಇರಲಿಲ್ಲ. ಇಲ್ಲ ಎಂದಳು. ಅರ್ಜಿಯಲ್ಲೂ ಇಂಥದ್ದೇ ಪ್ರಶ್ನೆ ಇತ್ತು. ನಮ್ಮ ಗಿರಾಕಿಗಳ ಜೊತೆ ನಿಮಗೆ ಸಂಬಂಧ ಇದೆಯೇ ಎಂದು ಎಲ್ಲರನ್ನೂ ಕೇಳುತ್ತಾರೆ. ಗಂಡಸು ಹೆಂಗಸಿನ ಕಡೆ ನೋಡಿದ. ಹೆಂಗಸು ಏನೋ ಬರೆದುಕೊಂಡಳು. ಥ್ಯಾಂಕ್ಸ್ ಹೇಳಿ ಕಾಲ್ ಮುಗಿಸಿದರು.

ಸಂಜೆಗೆ ಮೊದಲೇ ಮುದಕಪ್ಪ ಮನೆಗೆ ಬಂದ. ಕೈಯಲ್ಲಿ ಒಂದು ಪೆಟ್ಟಿಗೆ ಮಿಠಾಯಿ.

“ಹೆಂಗಾತವಾ?” ಎಂದ.

“ಛಲೋ ಆತಪ್ಪಾ.”

“ಆಗದ ಏನ್ ಮಾಡ್ತೈತಿ,” ಎಂದು ಮುದಕಪ್ಪ ಶೂ ಬಿಚ್ಚುತ್ತ ನಕ್ಕ. “ಅಬು ಬದರ್ ಒಂದ್ ಮಾತ ಹೇಳ್ಯಾರ.”

ಸೌಂದರ್ಯಾ ಯಾರು ಅಬು ಬದರ್ ಎಂದಳು. ಮುದಕಪ್ಪ ಖುಷಿಯಿಂದ ಹೇಳತೊಡಗಿದ. ಶರ್ಕ್‌ನ ಒಂದು ಎತ್ತರದ ಕಟ್ಟಡದ ಲಿಫ್ಟುಗಳು ಅವನ ಸುಪರ್ದಿಯವು. ಅಲ್ಲಿ ಅಬು ಬದರ್‌ನದು ಇನ್ವೆಸ್ಟ್‌ಮೆಂಟ್ ಕಂಪನಿ. ಒಮ್ಮೆ ಕರೆಂಟು ಕೈಕೊಟ್ಟು ಅಬು ಬದರ್ ಲಿಫ್ಟಿನಲ್ಲಿ ಸಿಕ್ಕಿಬಿದ್ದಾಗ, ಬಾಗಿಲು ತೆರೆಯುವವರೆಗೂ ಮುದಕಪ್ಪ ಹೊರಗಿನಿಂದ ಊರಿನದು, ಮಳೆಯದು, ಮಕ್ಕಳದು ಮಾತಾಡುತ್ತ ಧೈರ್ಯ ಕೊಟ್ಟಿದ್ದ. ಅಂದಿನಿಂದ ಎಲ್ಲಿ ಕಂಡರೂ ಆ ದೊಡ್ಡ ಮನುಷ್ಯ ಪಕಾರ ಬಾರದ ಅರಬಿ ಬಾಯಲ್ಲಿ ‘ಯಾ ಮುದಕಬ್ಬಾ’ ಎಂದು ಕೈ ಎತ್ತುತ್ತಿದ್ದ. ಆ ಕಂಪನಿಗೆ ಆಗಾಗ ದುಬೈನಿಂದ ವಕೀಲರು ಬರುತ್ತಿದ್ದರು. ಅವರ ಬ್ಯಾಗಿನ ಮೇಲಿನ ಫರ್ಮಿನ ಹೆಸರನ್ನು ಮುದಕಪ್ಪ ಲಿಫ್ಟಿನಲ್ಲಿ ಓದಿದ್ದ. ಮೊನ್ನೆ ಮಗಳ ಲ್ಯಾಪ್‌ಟಾಪಿನಲ್ಲೂ ಅದೇ ಹೆಸರು ಕಂಡಿತು. ಬುಧವಾರ ಹೋಗಿ ಕೇಳಿದ. ಅಬು ಬದರ್ ಅವನ ಎದುರಿಗೇ ಆ ಫರ್ಮಿನ ದುಬೈ ಆಫೀಸಿಗೆ ಫೋನು ಹಚ್ಚಿ, ಹುಡುಗಿ ನಮ್ಮ ಮನೆ ಮಗಳಿದ್ದ ಹಾಗೆ, ನೋಡಿಕೊಳ್ಳಿ ಎಂದ.

ಹೀಗೆ ಮೇಲಿನವರಿಂದ ಒಂದು ಮಾತು ಹೇಳಿಸುವುದಕ್ಕೆ ಇಲ್ಲಿ ವಾಸ್ತಾ ಎನ್ನುತ್ತಾರೆ. ಮುದಕಪ್ಪನ ಕುವೈತ್ ಬಾಳೆಲ್ಲ ಅದರ ಮೇಲೆಯೇ ನಡೆದಿತ್ತು. ಮಗಳಿಗಾಗಿ ಯಾರನ್ನೂ ಕೇಳದೆ ಸುಮ್ಮನಿರುವ ಅಪ್ಪ ಅವನ ಲೆಕ್ಕದಲ್ಲಿ ಅಪ್ಪನೇ ಅಲ್ಲ.

ಸೌಂದರ್ಯಾ ಅಬು ಬದರ್‌ನ ಪೂರ್ತಿ ಹೆಸರು ಕೇಳಿದಳು, ಅಬು ಬದರ್ ಎಂದರೆ ಬರೀ ‘ಬದರ್‌ನ ಅಪ್ಪ’. ಮುದಕಪ್ಪ ಹೇಳಿದ. ಅಬ್ದುಲ್ ಲತೀಫ್ ಅಲ್ ನುವೈರ್.

ಅವಳು ಸೋಫಾದ ತುದಿಯಲ್ಲಿ ಕೂತಳು. “ಅಪ್ಪಾ, ಅವ್ರು ಈ ಹೆಸರ ನನ್ನ ಕೇಳಿದ್ರು. ನಮ್ಮನ್ಯಾಗ ಯಾರಿಗೂ ಗೊತ್ತಿಲ್ಲ ಅಂದೆ.”

“ಗೊತ್ತೈತಿ ಅನ್ಬೇಕಿತ್ತವಾ.”

“ನೀ ನನಗ ಹೇಳೇ ಇಲ್ಲಲ್ಲ.”

“ಹೇಳಿದ್ರ ಬ್ಯಾಡ ಅಂತಿದ್ದಿ. ಅದಕ್ಕ ಹೇಳಲಿಲ್ಲ.”

ನೀಲಕ್ಕ ಅಡುಗೆಮನೆಯಿಂದಲೇ ಒಂದು ಕುಟುಕಿದಳು. “ಇಪ್ಪತ್ತ ವರ್ಷ ಮಂದಿನ್ನ ಗುಂಡಿ ಒತ್ತಿ ಏರಿಸ್ಯಾರಲ್ಲ, ಮಗಳನ್ನೂ ಹಂಗ ಏರಸ್ತೀನಿ ಅಂದ್ಕೊಂಡಾರ.”

ಸೌಂದರ್ಯಾ ಅಪ್ಪನಿಗೆ ಬಿಡಿಸಿ ಹೇಳಿದಳು. ಅವಳು ಇಲ್ಲ ಎಂದಾಗ ಅದು ಸುಳ್ಳಾಗಿರಲಿಲ್ಲ. ಆದರೆ ಲಂಡನ್ನಿನವರ ಕೈಯಲ್ಲಿ ಈಗ ಎರಡು ಮಾತಿವೆ. ಗಿರಾಕಿ ಮನೆ ಮಗಳು ಎನ್ನುತ್ತಾನೆ, ಮಗಳು ಕಂಡೇ ಇಲ್ಲ ಎನ್ನುತ್ತಾಳೆ. ಇಬ್ಬರಲ್ಲಿ ಒಬ್ಬರು ಸುಳ್ಳು. ದುಡ್ಡು ಕೊಡುವ ಗಿರಾಕಿಯನ್ನು ಅವರು ಸುಳ್ಳ ಎನ್ನುತ್ತಾರೆಯೇ? ವಕೀಲಿಗೆ ಬರುವ ಹುಡುಗಿ ಮೊದಲ ದಿನವೇ ಸುಳ್ಳಾಡಿದಳು ಎಂದಾದರೆ ಈ ಫರ್ಮು ಮಾತ್ರವಲ್ಲ, ಮುಂದಿನದೂ ಕೆಡಬಹುದು. ಈಗ ಇರುವುದು ಎರಡೇ ದಾರಿ. ಸುಮ್ಮನಿದ್ದು, ಅವರು ಮರೆಯಲಿ ಎಂದು ಕಾಯಬೇಕು. ಇಲ್ಲವೇ ತಾನಾಗಿಯೇ ಬರೆದು ತಿಳಿಸಬೇಕು. ಬರೆದರೆ, ವಾಸ್ತಾ ಹಾಕಿಸಿದವಳು ಎಂದು ಕಿತ್ತೂ ಹಾಕಬಹುದು.

ಮುದಕಪ್ಪನ ನಗು ಇಳಿದಿತ್ತು. “ನಾ ಏನ್ ಕಳವು ಮಾಡೀನೇನವಾ? ನಿನ್ನ ಸಾಲಿಗೆ ಹಚ್ಚುವಾಗ ಮಂದೀನ ಕೇಳೀನಿ. ನಿಮ್ಮವ್ವನ ವೀಸಾಕ್ಕ ಕೇಳೀನಿ. ಆವಾಗ ತಪ್ಪಿದ್ದಿಲ್ಲ, ಇವತ್ತ ಹೆಂಗ ತಪ್ಪಾತು?”

ಆ ಸ್ಕೂಲಿನ ಸೀಟಿನ ಮೇಲೆ ಹನ್ನೆರಡನೇ ಕ್ಲಾಸಿನವರೆಗೂ ಕೂತವಳು ಅವಳೇ.

“ಆವಾಗ ನನ್ನ ಯಾರೂ ಏನೂ ಕೇಳಿದ್ದಿಲ್ಲಪ್ಪಾ,” ಎಂದಳು. “ಇವತ್ತ ಕೇಳಿದ್ರು. ನಾ ಇಲ್ಲ ಅಂದೆ.”

ಮುದಕಪ್ಪ ಮಿಠಾಯಿ ಪೆಟ್ಟಿಗೆಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತ. ಸೌಂದರ್ಯಾ ಲ್ಯಾಪ್‌ಟಾಪು ತೆರೆದಳು. ಲಂಡನ್ನಿನಲ್ಲಿ ಇನ್ನೂ ಆಫೀಸಿನ ಹೊತ್ತು. ಒಮ್ಮೆ ಬರೆದಳು, ಅಳಿಸಿದಳು, ಮತ್ತೆ ಬರೆದಳು. ಮುದಕಪ್ಪ ಏನು ಬರೆದೆ, ಕನ್ನಡದಲ್ಲಿ ಹೇಳು ಎಂದ. ಅವಳು ಹೇಳಿದಳು. ನಮ್ಮ ಮನೆಗೆ ಪರಿಚಯದವರೊಬ್ಬರು ನನಗೆ ತಿಳಿಯದಂತೆ ನಿಮ್ಮ ಗಿರಾಕಿಯ ಜೊತೆ ಮಾತಾಡಿದ್ದಾರೆಂದು ಈ ಸಂಜೆ ತಿಳಿಯಿತು. ಅಷ್ಟೇ.

“ಪರಿಚಯದವರು ಅಂದ್ರ ಯಾರು?”

“ಹಂಗ... ಒಬ್ರು.”

“ಮಾಡಿದಾಂವ ನಾ. ಇಲ್ಲದಾಂವನ ಮ್ಯಾಲ ಯಾಕ ಹಾಕ್ತಿ? ನಮ್ಮಪ್ಪ ಅಂತ ಬರಿ. ಹೆಸರ ಹಾಕು. ಲಿಫ್ಟಿನ ಕೆಲಸ ಮಾಡ್ತಾನ ಅಂತನೂ ಹಾಕು, ಹೆಂಗ ಗುರುತಾತು ಅಂತ ಅವ್ರಿಗೂ ತಿಳಿಲಿ.”

ಸೌಂದರ್ಯಾ ತಿದ್ದಿದಳು. ನನ್ನ ತಂದೆ ಮುದಕಪ್ಪ, ಲಿಫ್ಟ್ ಫೋರ್‌ಮನ್, ನಿಮ್ಮ ಗಿರಾಕಿಯ ಕಟ್ಟಡದ ಲಿಫ್ಟುಗಳನ್ನು ನೋಡಿಕೊಳ್ಳುತ್ತಾರೆ. ನನ್ನ ಪರವಾಗಿ ಒಂದು ಮಾತು ಹೇಳಿ ಎಂದು ಅವರು ಕೇಳಿಕೊಂಡಿದ್ದಾರೆ. ಮಧ್ಯಾಹ್ನ ನಿಮ್ಮ ಪ್ರಶ್ನೆಗೆ ಉತ್ತರಿಸುವಾಗ ನನಗಿದು ಗೊತ್ತಿರಲಿಲ್ಲ. ನಾನು ಕೊಟ್ಟ ಉತ್ತರವನ್ನು ತಿದ್ದಿಕೊಳ್ಳಿ. ಓದಿ ಹೇಳಿದಳು. ಮುದಕಪ್ಪ ತಲೆಯಾಡಿಸಿದ. ಕಳಿಸಿದಳು.

ಉಳಿದದ್ದು ಅಬು ಬದರ್. ದೊಡ್ಡವರು ಮಾಡಿದ ಉಪಕಾರವನ್ನು ಬೇಡ ಎಂದು ವಾಪಸು ಕೊಡುವ ಪದ್ಧತಿ ಇಲ್ಲಿಲ್ಲ. ಕಟ್ಟಡದ ಲಿಫ್ಟ್ ಕೆಲಸವೇ ಕೈತಪ್ಪಬಹುದು. ಆದರೂ ಆ ಫೋನನ್ನು ಮುದಕಪ್ಪ ತಾನೇ ಮಾಡಿದ, ಬಾಲ್ಕನಿಗೆ ಹೋಗಿ. ಗಾಜಿನ ಆಚೆಯಿಂದ ಅವನ ಮುರುಕು ಅರಬಿ ಕೇಳುತ್ತಿತ್ತು. ನಿಮ್ಮ ಮಾತು ದೊಡ್ಡದಾಯಿತು, ಇನ್ನು ಮುಂದೆ ಬೇಡ, ಯಾರಾದರೂ ಕೇಳಿದರೆ ಇದ್ದದ್ದು ಇದ್ದಂತೆ ಹೇಳಿಬಿಡಿ ಎಂದ. ಅತ್ತಲಿಂದ ಹುಡುಗಿಗೆ ಸಿಟ್ಟು ಬಂದಿದೆಯಾ ಎಂದು ಕೇಳಿದರಂತೆ. ಸಿಟ್ಟಲ್ಲ, ವಕೀಲಿ ಓದುತ್ತಾಳೆ ಎಂದನಂತೆ ಮುದಕಪ್ಪ. ಅಬು ಬದರ್ ಬಿದ್ದು ಬಿದ್ದು ನಕ್ಕು, ಅವಳು ಪಾಸಾದ ಮೇಲೆ ನಮ್ಮ ಕಂಪನಿಗೆ ಬಂದು ನಮ್ಮವರಿಗೂ ಸ್ವಲ್ಪ ಹೇಳಿಕೊಡಲಿ ಎಂದರಂತೆ. ಅದು ನಿಜವಾದ ನಗುವೋ ಅಲ್ಲವೋ ಮುದಕಪ್ಪನಿಗೆ ತಿಳಿಯಲಿಲ್ಲ.

ಊಟಕ್ಕೆ ತಟ್ಟೆ ಹಾಕುವ ಹೊತ್ತಿಗೆ ಲಂಡನ್ನಿನ ಉತ್ತರ ಬಂತು. ಚಿಕ್ಕದು. ತಿಳಿಸಿದ್ದಕ್ಕೆ ಧನ್ಯವಾದ. ಇಂದಿನ ಇಂಟರ್‌ವ್ಯೂ ಮಾಡಿದ ಇಬ್ಬರಿಗೂ ಗಿರಾಕಿಯ ಫೋನಿನ ವಿಷಯ ಗೊತ್ತಿದ್ದುದರಿಂದ ಆ ಇಂಟರ್‌ವ್ಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಏನೂ ಗೊತ್ತಿಲ್ಲದ ಬೇರೆ ಇಬ್ಬರು ಸೋಮವಾರ ಹೊಸದಾಗಿ ಮಾತಾಡಿಸುತ್ತಾರೆ. ಪ್ರಶ್ನೆಗಳೂ ಬೇರೆ ಇರುತ್ತವೆ.

“ಅಂದ್ರ ಇವತ್ತಿಂದು ಖಲಾಸ್?” ಎಂದ ಮುದಕಪ್ಪ.

“ಖಲಾಸ್.”

“ಛಲೋ ಆಗಿತ್ತಂದಿ.”

“ಆಗಿತ್ತು.”

ಅವನು ಎದ್ದು ಹೋಗಿ ಕೈ ತೊಳೆದು ಬಂದ. ಮೊದಲೊಮ್ಮೆ ತೊಳೆದೇ ಕೂತಿದ್ದ. ನೀಲಕ್ಕ ಇಬ್ಬರ ತಟ್ಟೆಗೂ ರೊಟ್ಟಿ ಹಾಕಿ, ಬೇಕರಿಯಂಥದ್ದು ಇನ್ನೊಂದೇನಾದರೂ ಕೇಳುತ್ತಾರೆ, ಹೇಳಿದರಾಯಿತು, ಉಣ್ಣಿ ಎಂದಳು.

“ಅಪ್ಪಾ,” ಎಂದಳು ಸೌಂದರ್ಯಾ, “ಸೋಮವಾರ ತನಾ ಯಾರಿಗೂ ಒಂದ್ ಮಾತೂ ಹೇಳಬ್ಯಾಡ.”

“ದೇವ್ರಿಗರ ಹೇಳ್ಲ್ಯೋ ಬ್ಯಾಡೋ?”

ಸೌಂದರ್ಯಾ ರೊಟ್ಟಿ ಮುರಿಯುತ್ತ ಯೋಚಿಸಿದಳು. “ದೇವ್ರು ಅವರ ಗಿರಾಕಿ ಅಲ್ಲ. ಹೇಳು.”

ಊಟವಾದ ಮೇಲೆ ಮುದಕಪ್ಪ ಟಿವಿ ಮುಂದೆ ಕೂತಲ್ಲೇ ತೂಕಡಿಸಿದ. ಮರುದಿನ ಶುಕ್ರವಾರ, ರಜೆ, ಉಸುಳಿ ಮಾಡಬೇಕೆಂದು ನೀಲಕ್ಕ ಹೇಳಿ ಮಲಗಲು ಹೋದಳು. ಸೌಂದರ್ಯಾ ಡಬ್ಬಿಯಿಂದ ಮಡಕಿ ಕಾಳು ತೆಗೆದು, ಕಲ್ಲು ಆರಿಸಿ, ಪಾತ್ರೆಗೆ ಹಾಕಿ ನೆನೆಯಲು ನೀರು ತುಂಬಿಸಿದಳು. ಮೇಲೊಂದು ತಟ್ಟೆ ಮುಚ್ಚಿ, ಅಡುಗೆಮನೆಯ ದೀಪ ಆರಿಸಿದಳು.