ಹೆಣ್ಣು ಕಪ್ಪೆಯ ಟ್ರೇ

ಮೆಹರು, ಪಿಯುಸಿ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನಿನ್ನ ಕಪ್ಪೆಯ ಟ್ರೇ ಬದಲಿಸಿದವಳು ನಾನು — ನಿನ್ನ ಪಕ್ಕದ ನಂಬರಿನ ಮಹಾದೇವಿ. ಹತ್ತು ವರ್ಷ ಇದನ್ನು ನುಂಗಿಕೊಂಡು ಕೂತೆ.

ಹಾವೇರಿಯ ನಮ್ಮ ಕಾಲೇಜಿಗೆ ಕಪ್ಪೆ ತರುತ್ತಿದ್ದವರು ಲ್ಯಾಬ್ ಅಟೆಂಡರ್ ಖಾದರಸಾಬರು. ತಮ್ಮೂರು ಅಗಡಿಯ ಕಡೆ ಹಿಡಿದು, ಒದ್ದೆ ಗೋಣಿಚೀಲದಲ್ಲಿ ಸೈಕಲ್ಲಿನ ಮೇಲೆ ತರುತ್ತಿದ್ದರು. ಅವರು ನಿನ್ನ ಚಾಚಾ. ನನ್ನ ಗುಮಾನಿಗೆ ಅಷ್ಟು ಸಾಕಾಗಿತ್ತು. ನಿನಗೆ ದೊಡ್ಡದನ್ನು ಆರಿಸಿ ಕೊಡುತ್ತಾರೆ, ನನಗೆ ಬಡಕಲು ಕಪ್ಪೆ ದೂಡುತ್ತಾರೆ ಎಂದು ವರ್ಷವಿಡೀ ಕುದಿದೆ. ಅವರು ನೋಡದೆಯೇ ಕೈಹಾಕಿ ತೆಗೆದುಕೊಡುತ್ತಿದ್ದರು. ಅದೂ ನಾಟಕವೇ ಎಂದುಕೊಂಡೆ.

ಪರೀಕ್ಷೆಯಲ್ಲಿ ಕಪ್ಪೆಯ ಮೂತ್ರಪಿಂಡ, ಜನನಾಂಗಗಳನ್ನು ಬಿಡಿಸಿ ತೋರಿಸಬೇಕಿತ್ತು. ನನಗೆ ಬಂದದ್ದು ಗಂಡು. ಹೊಟ್ಟೆಯ ನಡುವಿನ ರಕ್ತನಾಳ ಕತ್ತರಿಗೆ ಸಿಕ್ಕಿತು — ಟ್ರೇಯ ನೀರೆಲ್ಲ ಕೆಂಪು. ಗಾಬರಿಯಲ್ಲಿ ಎಳೆದಾಡಿದೆ, ವೃಷಣ ಮೂತ್ರಪಿಂಡದ ಸಮೇತ ಕಿತ್ತುಬಂತು. ನಿನ್ನ ಕಡೆ ನೋಡಿದೆ. ಕಪ್ಪು-ಬಿಳಿ ಮೊಟ್ಟೆ ತುಂಬಿದ ಅಂಡಾಶಯವನ್ನು ಬದಿಗೆ ಸರಿಸಿ, ಸುರುಳಿ ಸುತ್ತಿದ ಅಂಡನಾಳವನ್ನು ಎಲ್ಲೂ ಹರಿಯದಂತೆ ಬಿಡಿಸಿ ಗುಂಡುಪಿನ್ನು ಚುಚ್ಚಿದ್ದೆ ನೀನು. ಇದು ಚಾಚಾ ಆರಿಸಿ ಕೊಟ್ಟ ಕಪ್ಪೆಯೇ ಎಂದು ಹೊಟ್ಟೆ ಉರಿಯಿತು. ನೀನು ಕೈ ತೊಳೆಯಲು ಹೋದೆ. ನಾನು ಎರಡೂ ಟ್ರೇಗಳನ್ನು ಅದಲುಬದಲು ಮಾಡಿದೆ.

ನೀನಾಗಲೇ ಉತ್ತರಪತ್ರಿಕೆಯಲ್ಲಿ ಹೆಣ್ಣು ಕಪ್ಪೆಯ ಚಿತ್ರ ಬರೆದು ಮುಗಿಸಿದ್ದೆ. ಅದು ನನಗೆ ಹೊಳೆಯಲೇ ಇಲ್ಲ. ನನ್ನ ಹಾಳೆ ಖಾಲಿಯಿತ್ತು; ಈಗ ಅದರಲ್ಲಿ ಹೆಣ್ಣು ಕಪ್ಪೆ ಬರೆಯತೊಡಗಿದೆ. ಹೊರಗಿನಿಂದ ಬಂದ ಪರೀಕ್ಷಕರು ನಿನ್ನ ಮುಂದೆ ನಿಂತರು.

"ಚಿತ್ರದಾಗ ಹೆಣ್ಣು, ಟ್ರೇದಾಗ ಗಂಡು. ಚಿತ್ರ ಮನಿಯಿಂದ ತಂದೀಯೇನವಾ?"

"ಈ ಟ್ರೇ ನಂದಲ್ರಿ ಸರ್," ಎಂದೆ ನೀನು.

ಅವರು ನನ್ನ ಕಡೆ ತಿರುಗಿದರು. ನಾನು — "ಆಕೀದ ಐತ್ರಿ ಸರ್. ನಾ ನೋಡೇನಿ."

ನೀನು ಫೇಲಾದೆ. ಮನೆಯವರು ಮುಂದೆ ಓದಿಸಲಿಲ್ಲ. ನಾನು ಬಿಎಸ್ಸಿ ಮಾಡಿ, ಈಗ ರಾಣೇಬೆನ್ನೂರಿನಲ್ಲಿ ಅದೇ ಕಪ್ಪೆಯ ಪಾಠ ಹೇಳುತ್ತೇನೆ.

ಆದರೆ ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ನಿನ್ನ ಮದುವೆಗೆ ಕರೆಯಲು ಬ್ಯಾಡಗಿಯ ನಮ್ಮ ಮನೆಗೆ ಬಂದಿದ್ದೆಯಲ್ಲ — ಚಹಾ ಕುಡಿಯುತ್ತ ನೀನೇ ಮಾತು ತೆಗೆದೆ. "ನನಗ ಚಾಚಾನ ಮ್ಯಾಲ ಸಂಶೇ ಐತಿ. ನನಗ ಸಹಾಯ ಮಾಡಾಕ ಹೋಗಿ ಗಡಿಬಿಡಿಯಾಗ ಟ್ರೇ ಅದಲುಬದಲು ಮಾಡ್ಯಾರ. ನೀ ನೋಡಿದ್ದು ಆಮ್ಯಾಲಿಂದು. ಅವರ ಕೂಡ ಮಾತು ಬಿಟ್ಟೇನಿ."

"ಇರಬಹುದು," ಎಂದೆ ನಾನು. ಸಂಶಯ ನನ್ನ ಮೇಲೆ ಬರಲಿಲ್ಲವೆಂದು ಆಗ ಹಗುರಾದೆ. ಥೂ, ಎಂಥವಳು ನಾನು! ಆಮೇಲೆ ಹಾವೇರಿಯ ಬಸ್‌ಸ್ಟ್ಯಾಂಡಿನಲ್ಲಿ ಖಾದರಸಾಬರು ಕಂಡರೆ ಸಾಕು, ಇವರಿಗೆ ಗೊತ್ತಿದೆ, ಇವತ್ತು ಬಾಯಿಬಿಡುತ್ತಾರೆ ಎಂದು ಮರೆಗೆ ಸರಿಯುತ್ತಿದ್ದೆ.

ಹೋದ ವಾರ ಅಗಡಿಗೆ ಹೋಗಿ ಅವರಿಗೆ ಎಲ್ಲ ಹೇಳಿದೆ.

"ನನಗ ಅವತ್ತ ಗೊತ್ತಿತ್ತವಾ. ನಿನ್ನ ಟ್ರೇಕ್ಕ ಗಂಡು ಹಾಕಿದಾಂವ ನಾನ, ಹಾಕಿದ ಮ್ಯಾಲ ಕಂಡಿತ್ತು. ಆದ್ರ ಅಣ್ಣನ ಮಗಳ ಪರ ಮಾತಾಡಿದ್ರ ಯಾರು ನಂಬ್ತಿದ್ರು?"

"ಮೆಹರುಗರೆ ಹೇಳಬೇಕಿತ್ತಲ್ರಿ?"

"ಹೇಳಾಕ ಎರಡು ಸಲ ಹೋದ್ನಿ. ಆಕಿ ಹೊರಗ ಬರಲಿಲ್ಲ."

ನಾನು ಕ್ಷಮೆ ಕೇಳುತ್ತಿಲ್ಲ, ಮೆಹರು. ನನ್ನ ಮುಖ ನೋಡುವುದೂ ಬೇಡ. ಒಮ್ಮೆ ಅಗಡಿಗೆ ಹೋಗು. ಅವರಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ — ಹತ್ತಿರ ಹೋಗಿ ನಿನ್ನ ಹೆಸರು ಹೇಳು.