ಮೀನಿನ ನೀರು, ಕೂಸಿನ ನೀರು

ಆಳಂದದ ಬಸ್ ನಿಲ್ದಾಣ ದಾಟಿದ ಕೂಡಲೇ ಪ್ರಬುದ್ಧನ ಮ್ಯಾಚಿಂಗ್ ಸೆಂಟರ್ ಸಿಗುತ್ತದೆ. ಸೀರೆಗೆ ಹೊಂದುವ ಕುಪ್ಪಸದ ಬಟ್ಟೆ, ಫಾಲ್, ದಾರ, ಗುಂಡಿ, ಇಷ್ಟೇ ಅಲ್ಲಿ ಮಾರುವುದು. ಹತ್ತನೇ ಇಯತ್ತೆಯವರೆಗೆ ನಾವಿಬ್ಬರೂ ಒಂದೇ ಬೆಂಚಿನವರು. ಆಮೇಲೆ ಅವನು ಸೊಲ್ಲಾಪುರದ ಬಟ್ಟೆ ಅಂಗಡಿಯೊಂದಕ್ಕೆ ಥಾನು ಮಡಚಲು ಹೋದ. ಹನ್ನೆರಡು ವರ್ಷ ಅಲ್ಲಿದ್ದು, ಕೆಂಪು ಬಣ್ಣವೊಂದರಲ್ಲೇ ನಲವತ್ತು ಬಗೆ ಇವೆ ಎಂಬ ಜ್ಞಾನ ಹೊತ್ತುಕೊಂಡು ಊರಿಗೆ ಬಂದ. ನಾನು ಊರಲ್ಲೇ ಉಳಿದು ಕೆಂಪು ಎಂದರೆ ಕೆಂಪು ಎಂಬಲ್ಲಿಗೇ ನಿಂತೆ.

ಅವನ ಮನೆಗೆ ಮೀನಿನ ತೊಟ್ಟಿ ಹೋದದ್ದು ನನ್ನಿಂದ. ನಾನು ಜೀವವಿಮೆ ಮಾರುವವನು. ಊರಿನವರ ಜೀವದ ಬಗ್ಗೆ ಅವರಿಗಿಂತ ಹೆಚ್ಚು ಕಾಳಜಿ ತೋರಿಸುವುದೇ ನನ್ನ ಉದ್ಯೋಗ. ಆದರೆ ನನ್ನ ಮನೆಯಲ್ಲಿ ಯಾವ ಹವ್ಯಾಸವೂ ಮೂರು ತಿಂಗಳಿಗಿಂತ ಹೆಚ್ಚು ಜೀವಂತ ಇದ್ದದ್ದಿಲ್ಲ. ಹಾರ್ಮೋನಿಯಂ ಹೋಯಿತು, ಬೆಳಗಿನ ಓಟ ಹೋಯಿತು. ಆಮೇಲೆ ಕಲಬುರಗಿಯ ಇಮ್ರಾನನ ಅಂಗಡಿಯಿಂದ ಎಂಬತ್ತು ಲೀಟರಿನ ಗಾಜಿನ ತೊಟ್ಟಿ, ಆರು ಗೋಲ್ಡ್‌ಫಿಶ್ ಬಂದವು. ಪಾಚಿ ಕಟ್ಟಿದ ಗಾಜಿನೊಳಗೆ ಮೀನು ಇವೆಯೋ ಇಲ್ಲವೋ ಎಂದು ಟಾರ್ಚ್ ಹಾಕಿ ನೋಡುವ ಸ್ಥಿತಿ ಬಂದಾಗ, ಪ್ರಬುದ್ಧನ ಮುಂದೆ ಮೀನು ಸಾಕುವುದರ ಗುಣಗಾನ ಮಾಡಿ ತೊಟ್ಟಿಯನ್ನು ಅವನ ಮನೆಗೆ ಸಾಗಿಸಿದೆ. ಪಾಲಿಸಿ ಮಾರುತ್ತ ಕಲಿತ ಮಾತುಗಾರಿಕೆ ನನಗೆ ಪೂರ್ತಿ ಫಲ ಕೊಟ್ಟದ್ದು ಅದೊಂದೇ ಸಲ.

ಪ್ರಬುದ್ಧ ನನ್ನ ಹಾಗಲ್ಲ. ಗಾಜು ತಿಕ್ಕಿದ, ತಳದ ಕಲ್ಲು ತೊಳೆದ, ಅಂಗಡಿ ಮುಚ್ಚಿ ಬಂದ ಮೇಲೆ ತೊಟ್ಟಿಯ ಮುಂದೆ ಸ್ಟೂಲ್ ಹಾಕಿಕೊಂಡು ಕೂರತೊಡಗಿದ.

"ಇವು ಭಾಳ ಛಲೋ ಗಿರಾಕಿ ನೋಡು," ಎಂದ ಒಮ್ಮೆ. "ರೇಟ್ ಕೇಳಂಗಿಲ್ಲ. ಒಯ್ದಿದ್ದನ್ನ ತಂದು ಬದ್ಲಿ ಕೊಡ್ರಿ ಅನ್ನಂಗಿಲ್ಲ."

ಫೆಬ್ರುವರಿಯಲ್ಲಿ ಅವನ ಮಗಳು ಜಯಮಾಲಾ ತವರಲ್ಲಿ ಹೆತ್ತಳು. ಅವಳ ಗಂಡನ ಮನೆ ಯಡ್ರಾಮಿ. ಹೆಣ್ಣು ಕೂಸು. ಹೆರಿಗೆಯ ಮೇಲೆ ಬಂದ ಜ್ವರ ಹತ್ತಿಪ್ಪತ್ತು ದಿನ ಬಿಡಲಿಲ್ಲ, ಎದೆಹಾಲು ನಿಂತುಹೋಯಿತು. ಡಬ್ಬಿಯ ಹಾಲಿನ ಪುಡಿ ಬಂತು. ಕೂಸಿಗೆ ಹಾಲು ಕಲಸುವ ನೀರಿನ ಜವಾಬ್ದಾರಿಯನ್ನು ಪ್ರಬುದ್ಧನ ತಾಯಿ ಸಾಬವ್ವ ಯಾರಿಗೂ ಬಿಟ್ಟುಕೊಡಲಿಲ್ಲ. ಎಪ್ಪತ್ತೈದು ದಾಟಿದ ಮುದುಕಿ. ಸೊಸೆ ಪಂಚಶೀಲಾ ಒಲೆಯ ಹತ್ತಿರ ಹೋದರೆ, "ನೀ ಸರಿ ಬೇ, ನಿನಗ ಅವಸರ ಜಾಸ್ತಿ," ಎಂದು ಎಬ್ಬಿಸುತ್ತಿದ್ದಳು.

ಮಾರ್ಚಿನಲ್ಲಿ ಮೀನು ಸಾಯತೊಡಗಿದವು. ಮೊದಲು ಒಂದು, ವಾರ ಬಿಟ್ಟು ಇನ್ನೊಂದು. ಉಳಿದವು ಮೇಲೆ ಬಂದು ಬಾಯಿ ತೆರೆದು ನಿಲ್ಲುತ್ತಿದ್ದವು. ಪ್ರಬುದ್ಧ ಇಮ್ರಾನನಿಗೆ ಫೋನ್ ಹಚ್ಚಿದ. ಸ್ಪೀಕರಿನಲ್ಲಿ ನಾನೂ ಕೇಳಿಸಿಕೊಂಡೆ.

"ನೀರು ಟೆಸ್ಟ್ ಮಾಡ್ರಿ ಸಾಬ್. ಮೀನಿನ ಹೊಲಸು, ಉಳದ ಕಾಳು, ಎಲ್ಲಾ ಕೊಳತು ಕೊನಿಗಿ ನೈಟ್ರೇಟ್ ಆಗಿ ಕೂಡ್ತದ. ಕಣ್ಣಿಗಿ ಕಾಣಂಗಿಲ್ಲ, ವಾಸನಿ ಬರಂಗಿಲ್ಲ. ಕಿಟ್ ಕಳಸ್ತೇನಿ."

ಕಿಟ್ ಅಂದರೆ ಎರಡು ಪುಟ್ಟ ಬಾಟಲಿ, ಒಂದು ಗಾಜಿನ ನಳಿಕೆ, ಬಣ್ಣದ ಚೌಕಗಳಿರುವ ಒಂದು ರಟ್ಟು. ನಳಿಕೆಯಲ್ಲಿ ತೊಟ್ಟಿಯ ನೀರು ಹಾಕಿ, ಮೊದಲ ಬಾಟಲಿಯಿಂದ ಹತ್ತು ಹನಿ, ಎರಡನೆಯದರಿಂದ ಹತ್ತು ಹನಿ ಬಿಟ್ಟು, ಐದು ನಿಮಿಷ ಕಾದು ಬಣ್ಣವನ್ನು ರಟ್ಟಿಗೆ ಹೋಲಿಸಬೇಕು. ಹಳದಿ ಇದ್ದರೆ ನೀರು ಶುದ್ಧ. ಕಿತ್ತಳೆಯಾದರೆ ಲೀಟರಿಗೆ ಇಪ್ಪತ್ತು ಮಿಲಿಗ್ರಾಂ ನೈಟ್ರೇಟ್, ಮುಂದೆ ಕೆಂಪು ಏರುತ್ತ ನಲವತ್ತು, ಎಂಬತ್ತು, ಕೊನೆಗೆ ನೂರಾ ಅರವತ್ತು. ನಮಗೆ ಬಂದದ್ದು ಚೆಂದದ ಕಿತ್ತಳೆ. ಇಷ್ಟಿದ್ದರೆ ಚಿಂತೆಯಿಲ್ಲ ಎಂದು ರಟ್ಟು ಹೇಳಿತು, ನಾನೂ ಹೇಳಿದೆ. ಮರುದಿನ ಮೂರನೇ ಮೀನು ಸತ್ತಿತು.

ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದ ಜಯಮಾಲಾ ಕಿಟ್ಟಿನ ಜೊತೆ ಬಂದ ಚೀಟಿ ಓದಿದಳು. ಅದು ಅಲ್ಲಿಯವರೆಗೆ ಮಡಿಕೆ ಬಿಚ್ಚದೆ ಬಿದ್ದಿತ್ತು.

"ಅಪ್ಪಾ, ಎರಡನೇ ಬಾಟ್ಲಿ ಅರ್ಧ ನಿಮಿಷ ಜೋರ್ ಅಲ್ಲಾಡಸಬೇಕಂತ. ಔಷಧ ತಳಕ್ಕ ಕುಂತಿರ್ತದಂತ. ಹನಿ ಹಾಕಿದ ಮ್ಯಾಲ ನಳಿಕಿನೂ ಒಂದು ನಿಮಿಷ ಅಲ್ಲಾಡಸಬೇಕಂತ."

"ನಾವು ಅಲ್ಲಾಡಿಸೇವಿ," ಎಂದೆ ನಾನು.

"ನೀವು ತಲಿ ಅಲ್ಲಾಡಿಸೀರಿ ಕಾಕಾ."

ಈ ಸಲ ನಾನೇ ಕೈ ನೋಯುವಷ್ಟು ಅಲ್ಲಾಡಿಸಿದೆ. ನಳಿಕೆಯ ನೀರು ಕಿತ್ತಳೆ ದಾಟಿ ಕೆಂಪಾಯಿತು. ಅಂಗಡಿಯಲ್ಲಿ ಹೆಂಗಸರು ಬಟ್ಟೆಯ ತುಂಡು ಹಿಡಿದು ಬೀದಿಗಿಳಿದು ಬಿಸಿಲಲ್ಲಿ ನೋಡುತ್ತಾರಲ್ಲ, ಹಾಗೆ ಪ್ರಬುದ್ಧ ಅದನ್ನು ಅಂಗಳಕ್ಕೆ ತಂದು ರಟ್ಟಿನ ಪಕ್ಕ ಹಿಡಿದ. ನನಗೆ ನಲವತ್ತರ ಚೌಕವೂ ಎಂಬತ್ತರ ಚೌಕವೂ ಒಂದೇ.

"ಅವೆರಡೂ ಬ್ಯಾರೆ," ಎಂದ. "ಇದು ಟೊಮಾಟಿ, ಇದು ಒಣಮೆಣಸಿನಕಾಯಿ. ನಮ್ಮದು ಮೆಣಸಿನಕಾಯಿ ದಾಟಿ ಮುಂದ ಹೋಗ್ಯದ."

ನೈಟ್ರೇಟ್ ಇಳಿಸಲು ಇರುವ ದಾರಿ ನೀರು ಬದಲಿಸುವುದು. ವಾರಕ್ಕೊಮ್ಮೆ ಕಾಲು ಭಾಗ ಬದಲಿಸಿದರೆ ಸಾಕು ಎಂದಿದ್ದ ಇಮ್ರಾನ. ಪ್ರಬುದ್ಧ ದಿನವೂ ಅರ್ಧ ಬದಲಿಸಿದ. ಮೀನಿಗೆ ಕಾಳು ಕಡಿಮೆ ಮಾಡಿದ, ತಳದ ಹೊಲಸನ್ನು ರಬ್ಬರ್ ಪೈಪಿನಿಂದ ಎಳೆದು ತೆಗೆದ. ಮನೆಯ ಬೋರಿನ ನೀರನ್ನು ಮುಂಚಿನ ದಿನವೇ ಡ್ರಮ್ಮಿನಲ್ಲಿ ತುಂಬಿಟ್ಟು ಮಗುವಿಗೆ ಎರೆಯುವ ಜತನದಲ್ಲಿ ಹೊಯ್ದ. ಆರು ದಿನ ಪರೀಕ್ಷೆ ಮಾಡಿದೆವು. ಮೊದಲೆರಡು ದಿನ ಸ್ವಲ್ಪ ಇಳಿದು ಎಂಬತ್ತಕ್ಕೆ ಬಂದದ್ದು ಅಲ್ಲೇ ಕೂತುಬಿಟ್ಟಿತು. ಮೀನು ಎರಡೇ ಉಳಿದವು. ಏಪ್ರಿಲ್ ಮೊದಲ ರವಿವಾರ, ಅಂಗಡಿಗೆ ಸೂಟಿ. ಅವನು ಮತ್ತೆ ಇಮ್ರಾನನಿಗೆ ಫೋನ್ ಹಚ್ಚಿದ.

"ಬೋರಿನ ನೀರು ಟೆಸ್ಟ್ ಮಾಡೀರೇನು?" ಕೇಳಿದ ಇಮ್ರಾನ.

ಅದು ನಮ್ಮಿಬ್ಬರಿಗೂ ಹೊಳೆದೇ ಇರಲಿಲ್ಲ.

"ಮತ್ತ ಈಗ ಬ್ಯಾಸಿಗಿ. ತೊಟ್ಟ್ಯಾಗಿನ ನೀರು ಹಾರ್ತದ ಸಾಬ್, ನೈಟ್ರೇಟ್ ಹಾರಂಗಿಲ್ಲ. ಉಳದ ನೀರಾಗ ಅದು ದಪ್ಪ ಆಕ್ಕೋತ ಹೋಗ್ತದ."

ನಳದಿಂದ ನೇರ ಹಿಡಿದ ನೀರಿಗೆ ಹನಿ ಹಾಕಿದೆವು. ಐದು ನಿಮಿಷ. ಒಣಮೆಣಸಿನಕಾಯಿ. ಎಂಬತ್ತು. ಸುತ್ತಮುತ್ತ ಓಣಿಯ ಮನೆಗಳ ಪಾಯಖಾನೆ ಗುಂಡಿಗಳು, ಆಚೆ ರಸಗೊಬ್ಬರ ಉಂಡ ಹೊಲಗಳು. ಅದೆಲ್ಲ ಎಷ್ಟು ವರ್ಷದಿಂದ ಕೆಳಗೆ ಇಳಿಯುತ್ತಿತ್ತೋ. ಕಾಯಿಲೆ ಬಿದ್ದ ಮೀನಿಗೆ ಆರು ದಿನ ಕಾಯಿಲೆಯನ್ನೇ ಬಕೆಟ್‌ಗಟ್ಟಲೆ ಹೊಯ್ದಿದ್ದೆವು. ನಾನು ಏನೋ ತಮಾಷೆ ಮಾಡಲು ಬಾಯಿ ತೆರೆದೆ. ಪ್ರಬುದ್ಧ ಕೇಳುತ್ತಿರಲಿಲ್ಲ, ಅಡುಗೆಮನೆಯ ಕಡೆ ನೋಡುತ್ತಿದ್ದ.

ಅಲ್ಲಿ ಸಾಬವ್ವ ಕೂಸಿನ ನೀರು ಕಾಯಿಸುತ್ತಿದ್ದಳು. ಪಾತ್ರೆಯ ಮೇಲೆ ಹಬೆ.

"ಯವ್ವಾ, ಎಷ್ಟೊತ್ತು ಕಾಯಸ್ತಿ ಅದನ್ನ?"

"ಅರ್ಧ ಇಂಗೋತನ. ಬಾಣಂತಿಗಿ, ಕೂಸಿಗಿ ಅರ್ಧ ಇಂಗಿದ ನೀರೇ ಕುಡಸಬೇಕು. ನಿನಗೂ ಹಾಂಗೇ ಕುಡಸೀನಿ."

"ಯಾವ ನೀರು?"

"ಯಾವುದಂದ್ರ? ನಮ್ಮದೇ."

ಆರಿಸಲು ಮುಚ್ಚಿಟ್ಟಿದ್ದ ತಂಬಿಗೆಯಿಂದ ಅವನು ನಳಿಕೆಯಷ್ಟು ನೀರು ತೆಗೆದುಕೊಂಡ. ಹನಿ ಎಣಿಸುವಾಗ ಒಂದು ಹೆಚ್ಚು ಬಿತ್ತೆಂದು ಚೆಲ್ಲಿ ಮತ್ತೆ ಶುರು ಮಾಡಿದ. ಈ ಸಲ ಐದು ನಿಮಿಷ ಕಾಯಬೇಕಾಗಲಿಲ್ಲ, ಎರಡಕ್ಕೇ ಬಣ್ಣ ರಟ್ಟಿನ ಕೊನೆಯ ಚೌಕಕ್ಕೆ ಮುಟ್ಟಿತು.

ಅವನು ಮಗಳ ಕೋಣೆಗೆ ನಡೆದ. ಕಿಟಕಿಗೆ ನೀಲಿ ಪರದೆ ಇತ್ತು. ಅದನ್ನು ಪೂರ್ತಿ ಸರಿಸಿ, ಮಲಗಿದ್ದ ಕೂಸನ್ನು ಎತ್ತಿ ಬೆಳಕಿಗೆ ಹಿಡಿದ. ಎರಡು ತಿಂಗಳ ಕೂಸು ಅಳಲೂ ಇಲ್ಲ. ನಾನು ಬಾಗಿಲಲ್ಲೇ ನಿಂತು ನೋಡಿದೆ. ತುಟಿಯ ಸುತ್ತ, ಉಗುರಿನಲ್ಲಿ, ನೇರಳೆಹಣ್ಣಿನ ಛಾಯೆ. ಅದು ನನಗೂ ಕಂಡಿತು.

"ವಾರದಿಂದ ನೋಡಾಕತ್ತೇನಿ," ಎಂದ, ಯಾರಿಗೂ ಅಲ್ಲದ ಹಾಗೆ. "ಪರ್ದಾದ ಬಣ್ಣ ಬಿದ್ದದ ಅನ್ಕೊಂಡಿದ್ದೆ."

ನನ್ನ ಹಳೆಯ ಕಾರು ಯಾವತ್ತೂ ಒಂದೇ ಸಲಕ್ಕೆ ಚಾಲೂ ಆಗುವುದಿಲ್ಲ. ಅವತ್ತು ಆಯಿತು. ಸಾಬವ್ವನಿಗೆ ಕೂಸಿಗೆ ಉಸಿರಾಟದ ತ್ರಾಸ ಎಂದಷ್ಟೇ ಹೇಳಿ ಕಲಬುರಗಿಗೆ ಹೊರಟೆವು. ದಾರಿಯುದ್ದಕ್ಕೂ ಜಯಮಾಲಾ ಕೂಸಿನ ಅಂಗಾಲು ತಿಕ್ಕುತ್ತಿದ್ದಳು. ಪಂಚಶೀಲಾ ಒಂದೇ ಮಾತು ಕೇಳುತ್ತಿದ್ದಳು: "ಲಗೂ ಹೊಡಿಲಾಕ ಬರಂಗಿಲ್ಲೇನ್ರೀ ಅಣ್ಣಾ?" ನಾನು ಹೊಡೆಯುತ್ತಲೇ ಇದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರ್ ನೂರೀನ ಕೂಸಿನ ರಕ್ತ ತೆಗೆಸಿದರು. ಚಾಕಲೇಟಿನ ಬಣ್ಣದ ರಕ್ತ. ಯಾವ ನೀರು ಕುಡಿಸುತ್ತೀರಿ ಎಂದು ಅವರು ಕೇಳುವ ಮೊದಲೇ ಪ್ರಬುದ್ಧ ಅಂಗಿಯ ಜೇಬಿನಿಂದ ಬೂಚು ಹಾಕಿದ ನಳಿಕೆ ತೆಗೆದು ಮೇಜಿನ ಮೇಲಿಟ್ಟು, ಆಗಿದ್ದನ್ನೆಲ್ಲ ಹೇಳಿದ. ಡಾಕ್ಟರ್ ನಳಿಕೆಯನ್ನು ನೋಡಿದರು, ಅವನನ್ನು ನೋಡಿದರು.

"ಲ್ಯಾಬಿನವ್ರೇನ್ರಿ ನೀವು?"

"ಇಲ್ರಿ. ಮ್ಯಾಚಿಂಗ್ ಸೆಂಟರ್."

"ಇನ್ನ ನಾಕು ದಿನ ತಡ ಮಾಡಿದ್ರ ಕಷ್ಟ ಇತ್ತು. ಈ ನೈಟ್ರೇಟ್ ಎಳೇ ಕೂಸಿನ ರಕ್ತಕ್ಕ ಆಕ್ಸಿಜನ್ ಹೊರಲಾಕ ಬಿಡಂಗಿಲ್ಲ, ಅದಕ್ಕ ಮೈ ನೀಲಿ ಆಗ್ತದ. ಕಾಯಿಸಿದ್ರ ಕ್ರಿಮಿ ಸಾಯ್ತಾವ್ರಿ, ಇದು ಸಾಯಂಗಿಲ್ಲ, ಹೆಚ್ಚಾಗ್ತದ. ದೊಡ್ಡವ್ರಿಗಿ ಇಷ್ಟು ಧಕ್ಕಿ ಇಲ್ಲ. ಎಳೇ ಕೂಸಿಗಿ ಮಾತ್ರ ಈ ನೀರು ಒಂದು ಹನಿನೂ ಬ್ಯಾಡ."

ಮೂರನೇ ದಿನ ಕೂಸಿನ ತುಟಿಗೆ ತುಟಿಯ ಬಣ್ಣ ಬಂತು. ನಾಲ್ಕನೇ ದಿನ ಕರೆತಂದೆವು. ಎಲ್ಲರೂ ಹಗುರಾಗಿದ್ದೆವು, ಪ್ರಬುದ್ಧನೊಬ್ಬನ ಹೊರತು.

"ಅವ್ವಗ ಹೆಂಗ ಹೇಳ್ಲಿ?" ಎಂದ ಊರು ಹತ್ತಿರ ಬಂದಾಗ.

ಸಾಬವ್ವ ಮದುವೆಯಾಗಿ ಸರಸಂಬಾಕ್ಕೆ ಹೋದ ಕಾಲಕ್ಕೆ ಅವರ ಕೇರಿಯವರು ಬಾವಿಯ ಕಟ್ಟೆ ಏರುವಂತಿರಲಿಲ್ಲ. ಕೊಡ ಕೆಳಗಿಟ್ಟು, ಯಾರಾದರೂ ಸೇದಿ ಮೇಲಿಂದ ಹೊಯ್ಯುವವರೆಗೆ ಕೂತಿರಬೇಕು. ಹೊತ್ತು ಏರಿದರೂ ಕೂತಿರಬೇಕು. ಮಗ ಆಳಂದದಲ್ಲಿ ಮನೆ ಕಟ್ಟಿ ಬೋರು ಹಾಕಿಸಿದ ದಿನ ಮೊದಲ ನೀರನ್ನು ಬೊಗಸೆಯಲ್ಲಿ ಕುಡಿದು, ಅವಳು ಮಾಡಿಸಿಕೊಂಡ ಕೆಲಸ ಒಂದೇ: ಕಂಪೌಂಡಿನ ಹೊರಗೊಂದು ನಳ. ಯಾರು ಬೇಕಾದರೂ ಬಂದು ಹಿಡಿಯಬೇಕು, ಯಾರನ್ನೂ ಕೇಳಬಾರದು. ಓಣಿಯ ಅರ್ಧ ಮನೆಗಳಿಗೆ ಅದೇ ನೀರು.

"ನಾ ಹೇಳ್ತೇನಿ ತಗೋ," ಎಂದೆ. ಜನರಿಗೆ ಕೆಟ್ಟ ಸುದ್ದಿಯನ್ನು ಸಿಹಿಯಾಗಿ ಹೇಳಿಯೇ ನಾನು ಹೊಟ್ಟೆ ಹೊರೆಯುವುದು.

"ನೀ ಬ್ಯಾಡ," ಎಂದ. "ನಿಮ್ಮ ನೀರು ಸರಿ ಇಲ್ಲ ಅಂತ ನಿನ್ನ ಬಾಯಿಂದ ಬಂದ್ರ ಆಕಿಗಿ ಬ್ಯಾರೇನೇ ಕೇಳಸ್ತದ."

ಒಂದೇ ಬೆಂಚಿನಲ್ಲಿ ಹತ್ತು ವರ್ಷ ಕೂತಿದ್ದೆನಲ್ಲ, ನಮ್ಮ ಮನೆಯಲ್ಲಿ ಅವನಿಗೆ ಯಾವ ಲೋಟದಲ್ಲಿ ನೀರು ಕೊಡುತ್ತಿದ್ದರು ಎಂಬುದು ನನಗೂ ಗೊತ್ತು, ಅವನಿಗೂ ಗೊತ್ತು.

ಅವನೇ ಹೇಳಿದ. ತಾಯಿಯ ಮುಂದೆ ನೆಲದ ಮೇಲೆ ಕೂತು, ಮೊದಲಿಂದ ಕೊನೆಯವರೆಗೆ. ಮುಗಿದ ಮೇಲೆ ಸಾಬವ್ವ ಕೇಳಿದಳು:

"ನನ್ನ ನೀರು ಮೈಲಿಗಿ ಅಂತೀಯೇನು?"

"ಹಾಂಗಲ್ಲ ಯವ್ವಾ."

"ಮತ್ತ ಹೆಂಗ?"

ಅವತ್ತಿನಿಂದ ಸಾಬವ್ವ ಮಗನ ಜೊತೆ ಮಾತು ಬಿಟ್ಟಳು. ಬೆಳಿಗ್ಗೆ ಅವನು ಅಂಗಡಿಗೆ ಹೊರಡುವ ಹೊತ್ತಿಗೆ ಸರಿಯಾಗಿ ನಳದ ಹತ್ತಿರ ಹೋಗಿ, ಒಂದು ತಂಬಿಗೆ ಹಿಡಿದು, ಅವನ ಎದುರೇ ಗಟಗಟ ಕುಡಿಯುತ್ತಿದ್ದಳು. ಅದಕ್ಕಿಂತ ಎಲ್ಲರನ್ನೂ ಹೈರಾಣ ಮಾಡಿದ್ದು ಬೇರೆ: ಅವಳು ಕೂಸನ್ನು ಎತ್ತುವುದನ್ನು ನಿಲ್ಲಿಸಿದಳು. ಅದು ಅತ್ತರೆ ಹೊರಗೆ ಹೋಗಿ ಕೂರುತ್ತಿದ್ದಳು. ಜಯಮಾಲಾ ತಂದು ತೊಡೆಯ ಮೇಲೆ ಹಾಕಿದರೆ, "ಒಯ್ಯಿ ಬೇ. ನನ್ನ ಕೈಗಿ ನಾನೇ ಅಂಜಾಕತ್ತೇನಿ," ಎನ್ನುತ್ತಿದ್ದಳು.

ಹತ್ತು ದಿನ ಹೀಗೆ. ಆಮೇಲಿನ ರವಿವಾರ ನಾನು ಹೋಗಿದ್ದಾಗ ಕೂಸು ಹಸಿದು ಕಿರುಚುತ್ತಿತ್ತು. ಪಂಚಶೀಲಾಳ ಕೈ ಹಿಟ್ಟಾಗಿತ್ತು. ಜಯಮಾಲಾ ಬೇಕೆಂದೇ ಇರಬೇಕು, ಬಾಟಲಿಯನ್ನೂ ಹಾಲಿನ ಪುಡಿಯನ್ನೂ ಅಜ್ಜಿಯ ಮುಂದಿಟ್ಟಳು.

"ಆಯಿ, ನೀ ಕಲಸು. ನನ್ನ ಕೈಲೆ ಆಗವಲ್ದು."

ಸಾಬವ್ವ ಬಾಟಲಿ ಕೈಗೆ ತೆಗೆದುಕೊಂಡು ಮೂಲೆಯತ್ತ ತಿರುಗಿದಳು. ಅಲ್ಲಿ ಅಂಗಡಿಯಿಂದ ತಂದ ನೀರಿನ ಕ್ಯಾನು ಇತ್ತು.

"ಈ ನೀರು ನೋಡೀಯೇನು?" ಎಂದಳು. ಹತ್ತು ದಿನದಲ್ಲಿ ಮಗನಿಗೆ ಆಡಿದ ಮೊದಲ ಮಾತು.

"ನೋಡೀನಿ ಯವ್ವಾ."

"ನನ್ನ ಮುಂದ ನೋಡು."

ಪ್ರಬುದ್ಧ ಕಿಟ್ ತಂದ. ನೀರು, ಹತ್ತು ಹನಿ, ಮತ್ತೆ ಹತ್ತು ಹನಿ. ಕೂಸಿನ ಅಳು ಮನೆ ತುಂಬಿತ್ತು, ಆದರೂ ಯಾರೂ ಏಳಲಿಲ್ಲ. ಐದು ನಿಮಿಷ ಅಷ್ಟು ಉದ್ದ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಳಿಕೆಯ ನೀರು ಹಳದಿಯಾಗೇ ಉಳಿಯಿತು.

"ಎಷ್ಟು?"

"ಐದೂ ಇಲ್ಲ."

"ನಮ್ಮದು?"

"ಎಂಬತ್ತು," ಎಂದ.

ಸಾಬವ್ವ ಹಾಲು ಕಲಸಿದಳು. ಕೂಸನ್ನು ಎತ್ತಿಕೊಂಡಳು. ಅದು ಕುಡಿದು ಮುಗಿಸಿ ತೇಗಿತು. ಆಮೇಲೆ ಸೊಸೆಯ ಕಡೆ ತಿರುಗಿದಳು.

"ಹೊರಗಿನ ನಳದ ನೀರು ಒಯ್ಯೋರ ಮನ್ಯಾಗ ಎಳೇ ಕೂಸು ಎಷ್ಟವ?"

ಪಂಚಶೀಲಾ ಬೆರಳು ಮಡಚಿದಳು. "ಮೂರು. ಇನ್ನೊಂದು ಹೊಟ್ಟ್ಯಾಗದ."

"ನಾ ಹೋಗಿ ಬರ್ತೇನಿ ಯವ್ವಾ, ನೀ ಕುಂದ್ರು," ಎಂದು ಪ್ರಬುದ್ಧ ಎದ್ದ.

"ನೀ ಹೇಳಿದ್ರ ಯಾರ ಕೇಳ್ತಾರ? ಆ ನಳ ಹಚ್ಚಿಸಿದಾಕಿ ನಾ." ಕೋಲು ತೆಗೆದುಕೊಂಡಳು. "ನಡಿ, ನಿನ್ನ ಟೆಸ್ಟಿನ ಡಬ್ಬಿ ತಗೋ."

ನಾನೂ ಅವರ ಹಿಂದೆ ಹೊರಟೆ. ಮೊದಲ ಮನೆ ಭಾಗ್ಯಜ್ಯೋತಿಯದು, ಎದುರು ಸಾಲಿನಲ್ಲೇ. ತೊಟ್ಟಿಲಲ್ಲಿ ತಿಂಗಳ ಕೂಸು. ಬಾಗಿಲಲ್ಲಿ ಸಾಬವ್ವನನ್ನು ಕಂಡು ಅವಳು ಚಾಪೆ ಹಾಸಿದಳು. ಬಂದವರಿಗೆ ಮೊದಲು ಕೊಡುವ ಹಾಗೆ ಅದೇ ನಳದ ಒಂದು ತಂಬಿಗೆ ನೀರು ತಂದು ಮುಂದೆ ಹಿಡಿದಳು. ಪ್ರಬುದ್ಧ ಕೈ ಅಡ್ಡ ಮಾಡಲು ಹೋಗಿ ನಿಂತ. ಸಾಬವ್ವ ತಂಬಿಗೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಪೂರ್ತಿ ಕುಡಿದು ಕೆಳಗಿಟ್ಟಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಕುಂದ್ರು ಬೇ ಜ್ಯೋತಿ," ಎಂದಳು. "ಒಂದು ಮಾತು ಹೇಳಬೇಕಾಗ್ಯದ."