ತೆಗ್ಗಿನೊಳಗೆ ‘ಆತು’ ಅನ್ನಬಾರದು

ನೀರು ತುಂಬಿ ಹರಿಯುತ್ತಿರುವ ಪೈಪಿಗೆ ತೂತು ಹಾಕುವವರನ್ನು ನಾನು ಹುಚ್ಚರು ಎಂದುಕೊಂಡಿದ್ದೆ. ಅಂಥವರನ್ನೇ ಕಟ್ಟಿಕೊಂಡೆ, ಅದು ಬೇರೆ ಮಾತು. ನನ್ನ ಯಜಮಾನರು ಗದಗಿನ ಸುತ್ತಲಿನ ಊರುಗಳಲ್ಲಿ ನಳ ಜೋಡಿಸುವ ಕೆಲಸದವರು. ನಾನು ಬೆಟಗೇರಿಯ ನೇಕಾರರ ಮನೆಯ ಮಗಳು, ಸೀರೆ ನೇಯ್ದ ಕೈ ನನ್ನದು. ಮಗ್ಗದ ಕೆಲಸ ಕಡಿಮೆಯಾದ ಹೊತ್ತಿಗೇ ಅವರ ಜತೆಗಾರ ಹುಬ್ಬಳ್ಳಿಯಲ್ಲಿ ಬೇರೆ ಕೆಲಸ ಹಿಡಿದ. “ನಾಕ ದಿನದ ಮಟ್ಟಿಗೆ ಬಾ. ಹಿಡಿಯಾಕ ಇನ್ನೊಂದ ಜೋಡಿ ಕೈ ಬೇಕು” ಎಂದರು. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ.

ಹೋಗುವ ಮೊದಲು ಅಂಗಳದಲ್ಲಿ ಟ್ಯಾಪಿಂಗ್ ಮಷಿನ್ ಇಟ್ಟು ಪಾಠ ಮಾಡಿದರು. ಕಬ್ಬಿಣದ ಗಿಡ್ಡ ಕೊಳವೆ, ಅದರೊಳಗೆ ಒಂದು ಸಲಾಕಿ, ಸಲಾಕಿಯ ತುದಿಗೆ ಕೊರೆಯುವ ಹಲ್ಲು. ಬೀದಿಯ ಬೀಡುಕಬ್ಬಿಣದ ಪೈಪಿನ ಮೇಲೆ ಅದನ್ನು ಕೂಡಿಸಿ, ಸರಪಳಿ ಸುತ್ತಿ ಬಿಗಿದು, ಮೇಲಿನ ಹಿಡಿಕೆ ತಿರುಗಿಸಬೇಕು. ತೂತು ಬಿದ್ದ ಮೇಲೆ ಸಲಾಕಿಯನ್ನು ಮೇಲಕ್ಕೆ ತಂದುಕೊಂಡು, ಪಕ್ಕದ ಹಿಡಿ ಹೊರಳಿಸಿದರೆ ಒಳಗೊಂದು ಸಣ್ಣ ಬಾಗಿಲು ಮುಚ್ಚಿಕೊಂಡು ನೀರನ್ನು ತಡೆಯುತ್ತದೆ. ಆಮೇಲಷ್ಟೇ ಮೇಲಿನ ಮುಚ್ಚಳ ಬಿಚ್ಚಿ, ಸಲಾಕಿ ತೆಗೆದು, ಅದರ ಜಾಗಕ್ಕೆ ಮನೆಯ ನಳಕ್ಕೆ ಹೋಗುವ ಹಿತ್ತಾಳೆಯ ತುಂಡು ಇಳಿಸುವುದು. ಕೊರೆಯುವುದು, ಮುಚ್ಚಳ ಬಿಚ್ಚುವುದು ಅವರ ಪಾಲು. ಬಾಗಿಲು ಹಾಕುವುದು ನನ್ನ ಪಾಲು.

“ಬಾಗಿಲ ಹಾಕೂಕಿಂತ ಮೊದ್ಲ ಮುಚ್ಚಳಾ ಸಡ್ಲ ಮಾಡಿದ್ರ ಸಲಾಕಿ ಮಾರಿಗೇ ಹಾರತೈತಿ ನೋಡ” ಎಂದರು. ಹಾಗೆ ಹಾರಿದ ಸಲಾಕಿಯಿಂದ ಒಬ್ಬರ ದವಡೆ ಮುರಿದದ್ದನ್ನು ಅವರು ಕಣ್ಣಾರೆ ಕಂಡಿದ್ದರಂತೆ.

“ನೀರ ಬಂದ್ ಮಾಡಿ ಕೊರೀರಲ್ಲ! ಈ ಉಸಾಬರಿ ಯಾಕ?” ಎಂದೆ.

“ಎಷ್ಟೋ ದಿನಕ್ಕೊಮ್ಮೆ ನೀರ ಬರೋ ಓಣ್ಯಾಗ, ಬಂದ ದಿನಾನ ಬಂದ್ ಮಾಡಿದ್ರ ಹೆಣ್ಣಮಕ್ಕಳು ಕೊಡಾ ತಗೊಂಡು ಬಡೀತಾರ.”

ಅದು ಖರೆ. ಬೆಟಗೇರಿಯಲ್ಲಿ ನಾನೇ ಬಡಿಯುವವಳು. ಆದರೂ ಪಾಠ ನನ್ನ ತಲೆಗೆ ಹತ್ತಲಿಲ್ಲ. ತೂತು ಹಾಕಿದ ಮೇಲೆ ಬಾಗಿಲು ಹಾಕುವುದಂತೆ! ಊರಿನಲ್ಲಿ ಎಲ್ಲರೂ ಬಾಗಿಲು ಇಟ್ಟುಕೊಂಡೇ ಗೋಡೆ ಕಟ್ಟುತ್ತಾರಪ್ಪ.

ಮೊದಲ ಕೆಲಸ ಲಕ್ಷ್ಮೇಶ್ವರದಲ್ಲಿ. ಟಂಟಂ ಆಟೋದಲ್ಲಿ ಮಷಿನ್ ಹೇರಿಕೊಂಡು ಹೋದೆವು. ಪೈಪಿನ ತನಕ ಅಗೆದ ತೆಗ್ಗಿನಲ್ಲಿ ನಾನು ಈ ಕಡೆ, ಅವರು ಆ ಕಡೆ. “ಬಲಕ್ಕ ಬಿಗಿ” ಎಂದರು. ನನ್ನ ಬಲಕ್ಕೆ ಬಿಗಿದರೆ, “ಆ ಬಲಕ್ಕಲ್ಲ!” ಎಂದು ಕೂಗಿದರು. ಬಲ ಎಷ್ಟು ಇರುತ್ತವೆ? ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ನಡೆಯಿತು ನಮ್ಮ ಸಂಸಾರ ಆ ತೆಗ್ಗಿನಲ್ಲಿ. ಕಣ್ಣಿಗೆ ಹಾಕಿದ ಕನ್ನಡಕದ ಮೇಲೆ ಬೆವರು ಇಳಿದು, ಹಿಡಿ ಯಾವುದು, ಸರಪಳಿಯ ತಿರುಪು ಯಾವುದು ಎಂದೇ ತಿಳಿಯದಾಯಿತು. ಹೆಂಗೋ ಕೆಲಸ ಮುಗಿಯಿತು. ಹೆಂಗೆ ಮುಗಿಯಿತು ಎಂದು ಕೇಳಿದರೆ ಹೇಳಲಾರೆ.

ಮರುದಿನ ಶಿರಹಟ್ಟಿ. ಅಂದು ನೀರಿನ ಜೋರು ಹೆಚ್ಚಿತ್ತು. ತೆಗ್ಗಿನ ಸುತ್ತ ಕೊಡ ಹಿಡಿದ ಹೆಂಗಸರು ಜಾತ್ರೆಯಂತೆ ನೆರೆದಿದ್ದರು. ತೂತು ಬಿತ್ತು. ಅವರು ಸಲಾಕಿ ಮೇಲೆ ತಂದುಕೊಂಡು, ಮುಚ್ಚಳಕ್ಕೆ ಅದನ್ನು ಬಿಚ್ಚುವ ಪಾನಾ ಹಚ್ಚಿ, “ಬಾಗಿಲ ಹಾಕು” ಎಂದರು.

“ಆತು” ಎಂದೆ.

ಎಂದು, ಹಿಡಿಗೆ ಕೈ ಚಾಚಿದೆ. ಅಷ್ಟರಲ್ಲಿ ಅವರು ಪಾನಾ ತಿರುಗಿಸಿಬಿಟ್ಟರು.

ಏನಾಯಿತೆಂದು ತಿಳಿಯಲಿಲ್ಲ. ಒಂದು ಸದ್ದು, ಮುಖದ ತುಂಬ ನೀರು, ಮೇಲೆ ನಿಂತವರ ಚೀರಾಟ. ಕಣ್ಣು ಒರೆಸಿಕೊಂಡು ನೋಡಿದರೆ ಅವರು ಕೆಸರಿನಲ್ಲಿ ಕುಸಿದು ಕೂತಿದ್ದರು, ತಲೆಯ ಮೇಲಿನ ಹೆಲ್ಮೆಟ್ ಇರಲಿಲ್ಲ. ಸಲಾಕಿ ಅದನ್ನು ಸವರಿಕೊಂಡು ಹೋಗಿ ರಸ್ತೆಯಾಚೆ ಬಿದ್ದಿತ್ತು. ಅಯ್ಯ ಶಿವನೇ, ನನ್ನ ಜೀವ ಬಾಯಿಗೆ ಬಂತು. ದವಡೆ ಮುಟ್ಟಿದೆ, ಕಿವಿ ಮುಟ್ಟಿದೆ, ಹಣೆ ಮುಟ್ಟಿದೆ. ಎಲ್ಲವೂ ಇದ್ದಲ್ಲೇ ಇದ್ದವು. ಯಾರೋ ಓಡಿಹೋಗಿ ಬೀದಿಯ ವಾಲ್ವ್ ತಿರುಗಿಸಿದರು. ನೀರು ನಿಂತ ಮೇಲೆ ಅವರಿಗೆ ಮಾತು ಬಂತು.

“ಆತು ಅಂದ್ಯಲ್ಲ!”

“ಹೌದ್ರೀ, ಆತು ಅಂದೆ! ಹಾಕ್ತೀನಿ ಅಂತ!”

“ಆತು ಅಂದ್ರ ಮುಗೀತು ಅಂತ!”

“ಸಂಜೀಕ ಕೊತ್ತಂಬರಿ ತಗೊಂಡ ಬರ್ರಿ ಅಂದ್ರ ನೀವು ಆತು ಅಂತೀರಲ್ಲ, ಆಗ ಕೊತ್ತಂಬರಿ ಬಂದಬಿಟ್ಟಿರತೈತೇನು?”

ಮೇಲೆ ನಿಂತವರೂ ಸುಮ್ಮನಿರಲಿಲ್ಲ. ಆತು ಅಂದರೆ ಆದ ಹಾಗೇ ಎಂದು ಒಬ್ಬಾಕೆ. ಅಲ್ಲ, ಆತು ಅಂದರೆ ಒಪ್ಪಿದ ಹಾಗೆ ಎಂದು ಇನ್ನೊಬ್ಬಾಕೆ. ಆ ಇಬ್ಬರ ನಡುವೆಯೇ ಜಗಳ ಹತ್ತಿತು. ಒಬ್ಬ ಅಜ್ಜಿ ಮಾತ್ರ, “ಗಂಡ ಹೆಂಡತಿ ಜಗಳ ಉಂಡು ಮಲಗೂ ತನಕ. ನೀರ ಯಾವಾಗ ಬಿಡ್ತೀರಿ ಅದನ್ನ ಹೇಳ್ರಿ” ಎಂದಳು. ಈ ‘ಆತು’ ನಾನು ಹುಟ್ಟಿದಾಗಿನಿಂದ ಆಡುತ್ತ ಬಂದ ಮಾತು. ಅದರ ಅರ್ಥ ಯಾವುದು ಎಂದು ಆ ಹೊತ್ತಿಗೆ ನನಗೇ ಗೊತ್ತಿರಲಿಲ್ಲ. ಇಬ್ಬರೂ ಸರಿಯೇ ಇದ್ದೆವು, ಅವರ ದವಡೆ ಮಾತ್ರ ಉಳಿದದ್ದೇ ಹೆಚ್ಚು.

ತಿರುಗಿ ಬರುವಾಗ ಟಂಟಂನಲ್ಲಿ ಅವರು ಗೀರು ಬಿದ್ದ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಒರೆಸುತ್ತಿದ್ದರು. ಅದನ್ನು ನೋಡಿ ಸಿಟ್ಟೂ ಬಂತು, ಅಳೂ ಬಂತು, ಯಾವುದು ಮೊದಲು ಎಂದು ತಿಳಿಯದೆ ಸುಮ್ಮನೆ ಹೊರಗೆ ನೋಡುತ್ತ ಕೂತೆ. ಕಡೆಗೆ ಅವರೇ, “ಇನ್ನ ಮುಂದ ತೆಗ್ಗಿನ್ಯಾಗ ಆತು ಅನ್ನಬ್ಯಾಡ. ಹಾಕೀನಿ ಅನ್ನು” ಎಂದರು.

“ಹಾಕ್ತೀನಿ” ಎಂದೆ.

“ಹಾಕ್ತೀನಿ ಅಲ್ಲ, ಹಾಕೀನಿ. ಹಾಕಿ ಮುಗಿಸಿದ ಮ್ಯಾಲೆ ಅನ್ನೂದು.”

“ಅದನ್ನ ಅಂದೆನಲ್ಲ!”

ಟಂಟಂನ ಸದ್ದಿನಲ್ಲಿ ಅವರಿಗೆ ಯಾವುದು ಕೇಳಿತೋ. ನಾನು ಯಾವುದು ಹೇಳಿದೆನೋ! ಸದ್ದಿನಲ್ಲಿ ಎರಡೂ ಒಂದೇ. ತೆಗ್ಗಿನಲ್ಲಿ ನೀರು ಭೋರ್ಗರೆಯುವಾಗ ಇನ್ನೇನು ಗತಿ? ಮಾತಿನ ಸಹವಾಸವೇ ಬೇಡ ಅನ್ನಿಸಿತು.

“ಬಾಗಿಲ ಹಾಕಿದ ಮ್ಯಾಲೆ ನಿಮ್ಮ ಕೈ ಮ್ಯಾಲೆ ಕೈ ಇಡ್ತೀನಿ. ಅಲ್ಲೀತನಕ ಪಾನಾ ತಿರುವಬ್ಯಾಡ್ರಿ” ಎಂದೆ.

“ನಡುಬೀದ್ಯಾಗ? ಮಂದಿ ಏನಂದಾರು?”

“ಮಂದಿ ಬಂದು ನಿಮ್ಮ ದವಡಿ ಕೂಡಸ್ತಾರೇನು?”

ಮದುವೆಯಾಗಿ ಇಷ್ಟು ವರ್ಷವಾದರೂ ನಾಲ್ಕು ಜನರೆದುರು ನಾವು ಒಬ್ಬರ ಕೈ ಒಬ್ಬರು ಹಿಡಿದವರಲ್ಲ. ಸಂತೆಗೆ ಹೋದರೂ ಅವರು ಮುಂದೆ, ನಾನು ಹಿಂದೆ.

ಮುಂದಿನ ಕೆಲಸ ಮುಂಡರಗಿಯಲ್ಲಿತ್ತು. ಬೇಡ ಎಂದೆ, ಅವರು ಕೇಳಲಿಲ್ಲ. ಹೋಗಲಿ ಎಂದು ಬಿಡಲೂ ಆಗದೆ ನಾನೂ ಹೊರಟೆ. ಸರಪಳಿಯನ್ನು ಇಬ್ಬರೂ ಎರಡೆರಡು ಸಲ ಎಳೆದು ನೋಡಿದೆವು. ಮುಖವನ್ನು ಮುಚ್ಚಳದ ನೇರಕ್ಕೆ ತರದೆ ಪಕ್ಕಕ್ಕೆ ನಿಲ್ಲಿರಿ ಎಂದು ನಾನೇ ದಬಾಯಿಸಿದೆ. ಸುತ್ತಲೂ ಅದೇ ಕೊಡ, ಅದೇ ಮಂದಿ. ತೂತು ಬಿತ್ತು, ಸಲಾಕಿ ಮೇಲೆ ಬಂತು, ನೀರು ಒಳಗೆ ಗುರುಗುಟ್ಟಿತು. ಅವರು ಪಾನಾ ಹಚ್ಚಿ ನನ್ನ ಕಡೆ ನೋಡಿದರು.

ಹಿಡಿ ಹೊರಳಿಸಿದೆ. ತುದಿಮುಟ್ಟ ಹೊರಳಿತೇ? ಹೊರಳಿತ್ತು. ಆದರೂ ಇನ್ನೊಮ್ಮೆ ಒತ್ತಿದೆ. ಆಮೇಲೆ ಪಾನಾ ಹಿಡಿದಿದ್ದ ಅವರ ಕೈ ಮೇಲೆ ನನ್ನ ಕೈ ಇಟ್ಟೆ. ಮೇಲೆ ಯಾರೋ ಕಿಸಕ್ಕನೆ ನಕ್ಕರು. ನಗಲಿ.

ಅವರು ತಿರುಗಿಸಲಿಲ್ಲ. ನನಗೆ ಗಾಬರಿಯಾಯಿತು. ಬಾಗಿಲು ಬಿದ್ದಿಲ್ಲವೇ? ಮತ್ತೆ ಏನು ತಪ್ಪಾಯಿತು? ಅವರಿಗೆ ತಿಳಿಯಲಿಲ್ಲವೇ?

“ಯಾಕ್ರೀ? ಹಾಕೀನ್ರಿ! ಖರೇನ ಹಾಕೀನಿ! ತಿರುವ್ರಿ!” ಎಂದು ಕೂಗಿದೆ.

ಅವರು ತಲೆ ತಗ್ಗಿಸಿ, ನನಗಷ್ಟೇ ಕೇಳುವ ಹಾಗೆ ಹೇಳಿದರು. “ನೀ ಕೈ ಬಿಟ್ರ ತಿರುವ್ತೀನಿ.”

ನೋಡಿಕೊಂಡೆ. ಎರಡೂ ಕೈಯಿಂದ ಅವರ ಮುಂಗೈ ಹಿಡಿದಿದ್ದೆ, ನನ್ನ ಬೆರಳ ಗಿಣ್ಣುಗಳೆಲ್ಲ ಬೆಳ್ಳಗಾಗಿದ್ದವು. ಬಿಡಬೇಕು ಎಂದು ಗೊತ್ತಿತ್ತು. ಬಿಡಲು ಆಗಲಿಲ್ಲ.